ಪಾಮ್ ಪೈಲಟ್ ಎಸೆಯುವ ಮುನ್ನ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಮುತ್ತ ನೆಲೆಸಿರುವ, ವೈಟುಕೆ ಕಾಲದಲ್ಲಿ ಬಂದು ಇಲ್ಲೇ ಉಳಿದುಬಿಟ್ಟ ಎಲ್ಲ ಕನ್ನಡ ಬಂಧುಗಳಿಗೆ,



ನಮ್ಮಲ್ಲಿ ಅನೇಕರ ಮನೆಗಳು ಈಗ ಖಾಲಿಯಾಗುತ್ತಿವೆ. ಮಕ್ಕಳು ಓದು ಮುಗಿಸಿ ಸಿಯಾಟಲ್‌ಗೋ ನ್ಯೂಜೆರ್ಸಿಗೋ ಹೋದರು. ಪ್ಲೇನೋ, ಆಲನ್, ಫ್ರಿಸ್ಕೋ, ಮೆಕಿನ್ನಿಯ ನಾಲ್ಕು ಬೆಡ್‌ರೂಮಿನ ಮನೆ ಇಬ್ಬರಿಗೆ ದೊಡ್ಡದಾಯಿತು. ಮಾರಿ ಚಿಕ್ಕ ಮನೆಗೆ ಹೋಗೋಣ ಅಂತ ಹೊರಟವರು ಮೊದಲು ಕೈ ಹಾಕುವುದು ಗ್ಯಾರೇಜಿಗೆ, ಆಮೇಲೆ ಅಟ್ಟಕ್ಕೆ. ಈ ಊರುಗಳ ಮನೆಗಳಿಗೆ ನೆಲಮಾಳಿಗೆ ಇಲ್ಲವಲ್ಲ, ಬೇಡವೆನಿಸಿದರೂ ಎಸೆಯಲು ಮನಸ್ಸು ಬಾರದ್ದೆಲ್ಲ ಸೇರುವುದು ಈ ಎರಡು ಕಡೆಗೇ. ಅಲ್ಲಿ ಹಳೆಯ ಮೋಡೆಮ್, ತೊಡಕು ಬಿದ್ದ ವೈರುಗಳು, ಸಿಡಿ ಡಬ್ಬಗಳ ನಡುವೆ ಅಂಗೈಯಗಲದ ಒಂದು ಉಪಕರಣವೂ ಅದನ್ನು ನಿಲ್ಲಿಸುವ ಕ್ರೇಡಲ್ಲೂ ಸಿಗುತ್ತವೆ. ಪಾಮ್ ಪೈಲಟ್ ಅನ್ನುತ್ತಿದ್ದೆವು. ಕಂಪನಿ ಯಾವುದಾದರೂ ಸರಿ, ನಮ್ಮ ಬಾಯಲ್ಲಿ ಎಲ್ಲವೂ ಪಾಮ್ ಪೈಲಟ್ಟೇ.

ಅದನ್ನು ಎಲೆಕ್ಟ್ರಾನಿಕ್ ಕಸದ ಡಬ್ಬಕ್ಕೆ ಹಾಕುವ ಮೊದಲು ಒಂದು ವಾರಾಂತ್ಯ ತಡೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ. ಅದರೊಳಗೆ, ಅಥವಾ ಅದಕ್ಕೆ ಜೋಡಿಯಾಗಿದ್ದ ಕಂಪ್ಯೂಟರಿನೊಳಗೆ, ನಿಮ್ಮ ಮನೆಯ ನಾಲ್ಕೈದು ವರ್ಷಗಳ ಬದುಕು ಇನ್ನೂ ಇರಬಹುದು. ಲಿನಕ್ಸ್ ಮೂಲಕ ಅದನ್ನು ಹೊರತೆಗೆಯುವ ದಾರಿ ಇದೆ. ಬಹಳ ಜನ ಆ ದಾರಿ ಹಿಡಿದು ಅರ್ಧಕ್ಕೇ ಬಿಡುತ್ತಾರೆ, "ಸಿಂಕ್ ಆಗ್ತಿಲ್ಲ, ಹಾಳಾಗಿದೆ" ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಹಾಳಾದದ್ದು ಕಡಿಮೆ.

ಕಿರಿಯರು ಓದುತ್ತಿದ್ದರೆ ಒಂದೆರಡು ಮಾತು ಅವರಿಗಾಗಿ. ಮೊದಲ ಪೈಲಟ್ ಬಂದದ್ದು 1996ರಲ್ಲಿ. ಡೈರಿ, ವಿಳಾಸ ಪುಸ್ತಕ, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ ಪುಸ್ತಕ, ಈ ನಾಲ್ಕೇ ಅದರ ಮುಖ್ಯ ಕೆಲಸ. ಪುಟ್ಟ ಕಡ್ಡಿಯಿಂದ ಗಾಜಿನ ಮೇಲೆ ಬರೆಯಬೇಕಿತ್ತು. ಕ್ರೇಡಲ್ ಮೇಲಿಟ್ಟು ಗುಂಡಿ ಒತ್ತಿದರೆ ಉಪಕರಣದಲ್ಲಿರುವುದೂ ಕಂಪ್ಯೂಟರಿನಲ್ಲಿರುವುದೂ ಒಂದಾಗುತ್ತಿದ್ದವು, ಹಾಟ್‌ಸಿಂಕ್ ಅಂತ ಅದರ ಹೆಸರು. ಪಾಮ್ ಬಿಟ್ಟು ಹೊರಬಂದ ಜೆಫ್ ಹಾಕಿನ್ಸ್ ಮತ್ತು ಡಾನಾ ಡುಬಿನ್ಸ್ಕಿ ಕಟ್ಟಿದ ಹ್ಯಾಂಡ್‌ಸ್ಪ್ರಿಂಗ್ ಕಂಪನಿ 1999ರಲ್ಲಿ ವೈಸರ್ ಎಂಬ ಉಪಕರಣ ತಂದಿತು. ಹಳೆಯ ಸೀರಿಯಲ್ ಕೇಬಲ್ ಬಿಟ್ಟು ಯುಎಸ್‌ಬಿ ಹಿಡಿದ ಮೊದಲ ಪಾಮ್ ಜಾತಿಯ ಉಪಕರಣ ಅದು. 2001ರ ಎಂ500 ಸಾಲಿನಿಂದ ಪಾಮ್ ಕೂಡ ಯುಎಸ್‌ಬಿಗೆ ಬಂತು.

ಟೆಕ್ಸಸ್‌ಗೂ ಈ ಉಪಕರಣಗಳಿಗೂ ನಂಟಿತ್ತು. 2002ರ ಟಂಗ್‌ಸ್ಟನ್ ಟಿ ಒಳಗೆ ಓಡುತ್ತಿದ್ದದ್ದು ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ ಚಿಪ್ಪು. ಆ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ಕಚೇರಿ ತೆರೆದಿತ್ತು, ಅಲ್ಲಿಂದ ನೇರ ಇಲ್ಲಿಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಹ್ಯೂಸ್ಟನ್ನಿನ ಕಾಂಪ್ಯಾಕ್ ತನ್ನ ಐಪ್ಯಾಕ್ ತಂದಿತು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಡೆಲ್ ಆಕ್ಸಿಮ್ ಮಾಡಿತು. ಐಪ್ಯಾಕ್, ಆಕ್ಸಿಮ್ ಇದ್ದವರಿಗೆ ದಾರಿ ಬೇರೆ, ಅವು ವಿಂಡೋಸ್ ಬಳಗದವು. ಲಿನಕ್ಸಿನಲ್ಲಿ ಅವಕ್ಕೆ ಸಿನ್‌ಸಿಇ ಎಂಬ ಸಾಫ್ಟ್‌ವೇರ್ ಇತ್ತು. ಅದರ ಕಥೆ ಇನ್ನೊಮ್ಮೆ. ಇಲ್ಲಿ ಪಾಮ್ ಮನೆತನದ ಮಾತಷ್ಟೇ.

ಲಿನಕ್ಸ್ ಯಾಕೆ ಎಂದು ಕೇಳಬಹುದು. ಪಾಮ್ ಕಂಪನಿ 64 ಬಿಟ್ ವಿಂಡೋಸ್‌ಗೆ ಯುಎಸ್‌ಬಿ ಡ್ರೈವರ್ ಕೊಡಲೇ ಇಲ್ಲ. 2009ರಲ್ಲಿ ಅದು ವೆಬ್‌ಓಎಸ್ ಎಂಬ ಹೊಸ ದಾರಿ ಹಿಡಿಯಿತು, 2010ರಲ್ಲಿ ಎಚ್‌ಪಿ ಅದನ್ನು ಕೊಂಡಿತು, ಹಳೆಯ ಗಿರಾಕಿಗಳನ್ನು ಕೇಳುವವರಿಲ್ಲವಾಯಿತು. ಲಿನಕ್ಸ್ ಕಡೆ ಹಾಗಾಗಲಿಲ್ಲ. ಪಾಮ್‌ಗಳನ್ನು ಯುಎಸ್‌ಬಿಯಲ್ಲಿ ಗುರುತಿಸಲು ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಬರೆದ ವೈಸರ್ ಎಂಬ ಕರ್ನಲ್ ಮಾಡ್ಯೂಲ್ ಕಂಪನಿಗಳು ಹೋದ ಮೇಲೂ ಉಳಿಯಿತು. ಕೆನೆತ್ ಅಲ್ಬನೋವ್ಸ್ಕಿ ಶುರುಮಾಡಿ ಡೇವಿಡ್ ಡೆಸ್ರೋಸಿಯರ್ಸ್ ಬಹುಕಾಲ ನೋಡಿಕೊಂಡ ಪೈಲಟ್-ಲಿಂಕ್ ಪಾಮ್‌ನೊಡನೆ ಮಾತಾಡುವ ಕಮಾಂಡುಗಳ ಕಟ್ಟು, ಜಡ್ ಮಾಂಟ್‌ಗೊಮರಿ ಬರೆದ ಜೆ-ಪೈಲಟ್ ಅದರಲ್ಲಿನದನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶ, ಎರಡರ ಮೂಲ ಕೋಡೂ ಎಲ್ಲರಿಗೂ ತೆರೆದಿದೆ. ನಿಮ್ಮ ಲಿನಕ್ಸಿನ ಪ್ಯಾಕೇಜ್ ಭಂಡಾರದಲ್ಲಿ ಅವು ಸಿಗದಿದ್ದರೆ ಮೂಲದಿಂದ ಕಟ್ಟಿಕೊಳ್ಳಬಹುದು, ಇಲ್ಲವೇ ಒಂದು ಹಳೆಯ ಲ್ಯಾಪ್‌ಟಾಪಿಗೆ ಅದೇ ಕಾಲದ ಲಿನಕ್ಸ್ ಹಾಕಿಕೊಳ್ಳಬಹುದು. ಎರಡನೆಯದೇ ಸುಲಭ.

ಇನ್ನು ನಾನು ಕಂಡದ್ದನ್ನು ಹೇಳುತ್ತೇನೆ. ಇದೇ ಮೆಕಿನ್ನಿಯಲ್ಲಿ, ಎಲ್ಡೊರಾಡೊ ಪಾರ್ಕ್‌ವೇ ಕಡೆಯ ಪರಿಚಯದ ಮನೆಯೊಂದರಲ್ಲಿ ಗ್ಯಾರೇಜ್ ಸೇಲ್ ಇತ್ತು. ಗಂಡಹೆಂಡತಿ ಇಬ್ಬರೂ ಮೈಸೂರಿನ ಕಡೆಯವರು, ಆಸ್ಟಿನ್‌ನಲ್ಲಿರುವ ಮಗಳ ಮನೆ ಹತ್ತಿರಕ್ಕೆ ಹೋಗುವವರಿದ್ದರು. ಮೇಜಿನ ಮೇಲೆ ನೀಲಿ ಬಣ್ಣದ, ಒಳಗಿನದು ಮಸುಕಾಗಿ ಕಾಣುವ ವೈಸರ್ ಕೂತಿತ್ತು, ಜೊತೆಗೆ ಕ್ರೇಡಲ್. ಬೆಲೆಯ ಚೀಟಿಯೂ ಅಂಟಿಸಿದ್ದರು. "ಇದರಲ್ಲಿ ಅತ್ತೆ ಹೇಳಿದ್ದೆಲ್ಲ ಬರ್ಕೊಂಡಿದ್ದೆ ರೀ, ಈಗ ಆನ್ ಆದ್ರೂ ಏನೂ ಇಲ್ಲ" ಅಂದರು ಆ ಮನೆಯಾಕೆ. ಹೊಸ ಬ್ಯಾಟರಿ ಹಾಕಿದ್ದರಂತೆ. ಪರದೆಯ ಮೇಲೆ ಸ್ವಾಗತದ ಮಾತು ಬಂದು, ಮೂಲೆಗಳನ್ನು ಒತ್ತಿ ಎಂದು ಕೇಳುತ್ತಿತ್ತು. ಹೊಸದಾಗಿ ಪೆಟ್ಟಿಗೆಯಿಂದ ತೆಗೆದಾಗ ಹೀಗೇ ಕೇಳುವುದು.

ಅದು ಕೆಟ್ಟಿರಲಿಲ್ಲ, ಮರೆತಿತ್ತು. ಆ ಕಾಲದ ಪಾಮ್‌ಗಳು ಎಲ್ಲವನ್ನೂ ಇಟ್ಟುಕೊಳ್ಳುತ್ತಿದ್ದದ್ದು ರ‍್ಯಾಮ್‌ನಲ್ಲಿ. ಕರೆಂಟು ಇರುವಷ್ಟು ಹೊತ್ತು ಮಾತ್ರ ಅದಕ್ಕೆ ನೆನಪು. ಎರಡು ಟ್ರಿಪಲ್-ಎ ಬ್ಯಾಟರಿ ತೆಗೆದು ಹೊಸವು ಹಾಕಲು ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಒಂದು ನಿಮಿಷ. ಇಪ್ಪತ್ತು ವರ್ಷ ಟೆಕ್ಸಸ್ ಅಟ್ಟದಲ್ಲಿ ಕೂತದ್ದರಲ್ಲಿ ಏನು ಉಳಿದೀತು? 2004ರ ಟಂಗ್‌ಸ್ಟನ್ ಟಿ5, ಟ್ರಿಯೊ 650ರ ಹೊತ್ತಿಗೆ ಫ್ಲಾಶ್ ಮೆಮೊರಿ ಬಂತು. ಆಮೇಲಿನ ಟಂಗ್‌ಸ್ಟನ್ ಇ2, ಟಿಎಕ್ಸ್, ಜ಼ಡ್22, ಸೆಂಟ್ರೊ ಮೊದಲಾದವು ಬ್ಯಾಟರಿ ಸತ್ತರೂ ಬರೆದದ್ದನ್ನು ಮರೆಯುವುದಿಲ್ಲ. ಆದ್ದರಿಂದ ಕೈಯಲ್ಲಿರುವುದು ಯಾವ ಮಾಡೆಲ್ ಅನ್ನುವುದನ್ನು ಮೊದಲು ನೋಡಿ. ಹಿಂಬದಿಯಲ್ಲೋ ಪರದೆಯ ಮೇಲಂಚಿನಲ್ಲೋ ಬರೆದಿರುತ್ತದೆ.

ಹಾಗಾದರೆ ಹಳೆಯವುಗಳ ಆಸೆ ಬಿಡಬೇಕೆ? ಬೇಡ. ಸಿಂಕ್ ಮಾಡಿದಿರಿ ಎಂದರೆ ಇನ್ನೊಂದು ಪ್ರತಿ ಕಂಪ್ಯೂಟರಿಗೆ ಹೋಗಿತ್ತು ಎಂದರ್ಥ. ಆ ಮನೆಯ ಯಜಮಾನರನ್ನು "ಆಗಿನ ಡೆಸ್ಕ್‌ಟಾಪ್ ಎಲ್ಲಿ?" ಎಂದು ಕೇಳಿದೆ. ಅದನ್ನು ಎಂದೋ ಕೊಟ್ಟುಬಿಟ್ಟಿದ್ದರು, ಆದರೆ ಕೊಡುವಾಗ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡಿದ್ದರು, ಬ್ಯಾಂಕಿನ ವಿವರ ಬೇರೆಯವರ ಕೈಗೆ ಸಿಗಬಾರದು ಅಂತ. ಆ ಎಚ್ಚರಿಕೆಗೆ ನನ್ನ ದೊಡ್ಡ ನಮಸ್ಕಾರ. ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಹಾಕಿ, ಲಿನಕ್ಸಿನಲ್ಲಿ ಓದಲು ಮಾತ್ರ ಎಂದು ಮೌಂಟ್ ಮಾಡಿದೆವು. ಡಿಸ್ಕ್ ಮೊದಲು ಒಂದಿಷ್ಟು ಕಿರುಗುಟ್ಟಿತು, ಆಮೇಲೆ ತೆರೆದುಕೊಂಡಿತು. ಪಾಮ್ ಡೆಸ್ಕ್‌ಟಾಪಿನ ಫೋಲ್ಡರಿನೊಳಗೆ ಅವರ ಹೆಸರಿನ ತುಂಡಿನ ಇನ್ನೊಂದು ಫೋಲ್ಡರ್. ಅದರೊಳಗೆ ವಿಳಾಸ, ಡೇಟ್‌ಬುಕ್, ಮೆಮೊಪ್ಯಾಡ್, ಕೆಲಸಗಳ ಪಟ್ಟಿ, ನಾಲ್ಕಕ್ಕೂ ಬೇರೆ ಬೇರೆ ಮನೆ.

ಮೆಮೊಪ್ಯಾಡ್ ಫೈಲಿನಲ್ಲಿ ಅಕ್ಷರಗಳು ಸಾದಾ ಅಕ್ಷರಗಳಾಗಿಯೇ ಕೂತಿರುತ್ತವೆ. ಸ್ಟ್ರಿಂಗ್ಸ್ ಎಂಬ ಪುಟ್ಟ ಯುನಿಕ್ಸ್ ಕಮಾಂಡ್ ಕೊಟ್ಟ ಕೂಡಲೇ ಟರ್ಮಿನಲ್ ಮೇಲೆ ಸಾಲುಗಳು ಸುರಿದವು. ಬಿಸಿಬೇಳೆ ಬಾತಿನ ಪುಡಿಗೆ ಕೊತ್ತಂಬರಿ ಎಷ್ಟು ಪಾವು, ಮರಾಠಿ ಮೊಗ್ಗು ಎಷ್ಟು. ಮೆಂತ್ಯದ ಹಿಟ್ಟಿಗೆ ಯಾವುದನ್ನು ಮೊದಲು ಹುರಿಯಬೇಕು. ಬಾಣಂತಿಗೆ ಕೊಡುವ ಲೇಹ್ಯಕ್ಕೆ ಏನೇನು. ಅತ್ತೆ, ಅಂದರೆ ಮಗಳ ಅಜ್ಜಿ, ಬಾಣಂತನಕ್ಕೆ ಬಂದಾಗ ಕೂರಿಸಿಕೊಂಡು ಬರೆದುಕೊಂಡದ್ದಂತೆ. ಆಕೆ ಹೋಗಿ ಬಹಳ ವರ್ಷಗಳಾದವು. ವಿಳಾಸದ ಫೈಲಿನಲ್ಲಿ ಊರಿನ ಸೋದರಮಾವನ ನಂಬರಿನ ಕೆಳಗೆ ಒಂದು ಟಿಪ್ಪಣಿ: ಪಿಪಿ ನಂಬರು, ಎದುರುಮನೆ, ಮಧ್ಯಾಹ್ನ ಮಾಡಬೇಡಿ, ಮಲಗಿರುತ್ತಾರೆ. ಬೆಂಗಳೂರಿನ ಫೋನುಗಳೆಲ್ಲ ಏಳಂಕಿಯವು, ಮುಂದೆ ಎರಡು ಸೇರುವುದಕ್ಕೆ ಮೊದಲಿನವು. ಕಾಲಿಂಗ್ ಕಾರ್ಡಿನ ಪಿನ್‌ಗಳು ಸಾಲುಸಾಲಾಗಿ.

ಡೇಟ್‌ಬುಕ್ ಇನ್ನೂ ಸ್ವಾರಸ್ಯ. ಮಾವನವರ ಶ್ರಾದ್ಧದ ತಿಥಿ ಪ್ರತಿವರ್ಷ ಬೇರೆ ತಾರೀಖಿಗೆ ಬರುತ್ತದೆ, ಪಾಮ್‌ಗೆ ತಿಥಿ ಗೊತ್ತಿಲ್ಲ. ಹಾಗಾಗಿ ಒಂಟಿಕೊಪ್ಪಲ್ ಪಂಚಾಂಗ ನೋಡಿ ವರ್ಷವರ್ಷದ್ದನ್ನೂ ಬಿಡಿಬಿಡಿಯಾಗಿ ತುಂಬಿದ್ದರು, ಕೆಲವು ಕಡೆ "ಇಲ್ಲಿಗೆ ಹಿಂದಿನ ದಿನ" ಎಂಬ ಷರಾ ಸಮೇತ. ಅಂದಹಾಗೆ ಪಾಮ್‌ನ ಕ್ಯಾಲೆಂಡರಿಗೆ 2031ರ ಆಚೆಗೆ ಪ್ರಪಂಚವಿಲ್ಲ. ವರ್ಷಕ್ಕೆಂದು ಏಳು ಬಿಟ್ ಮಾತ್ರ ಕೊಟ್ಟು, ಲೆಕ್ಕವನ್ನು 1904ರಿಂದ ಶುರು ಮಾಡಿದ್ದರ ಫಲ ಅದು. ವೈಟುಕೆ ರಿಪೇರಿಗೆಂದೇ ವಿಮಾನ ಹತ್ತಿ ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ, ಪಾಮ್‌ಗೆ ಯುನಿಕೋಡ್ ಇರಲಿಲ್ಲ. ಅದೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ ಸಿಂಪ್ಯೂಟರ್ ಕಟ್ಟುತ್ತಿದ್ದರು. ಅದೂ ಅಂಗೈ ಕಂಪ್ಯೂಟರೇ, ಓಡುತ್ತಿದ್ದದ್ದು ಲಿನಕ್ಸ್ ಮೇಲೆ, ಕನ್ನಡದಂಥ ನಮ್ಮ ಭಾಷೆಗಳಿಗೆಂದೇ ಹುಟ್ಟಿದ್ದು. 2004ರಲ್ಲಿ ಬಿಇಎಲ್ ಜೊತೆಗೂಡಿ ಅಮೀಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ನಮ್ಮ ಕೈಗೆ ಮಾತ್ರ ಬರಲಿಲ್ಲ. ಬಂದಿದ್ದರೆ ಅಜ್ಜಿಯ ಪುಡಿಗಳು ಕನ್ನಡದಲ್ಲೇ ಉಳಿಯುತ್ತಿದ್ದವು ಅಂತ ಆವತ್ತು ಅಂದುಕೊಂಡೆ. ಇರಲಿ, ದೀರ್ಘ ಹ್ರಸ್ವ ಸರಿಯಾಗಿ ಬರೆದಿದ್ದರೆ 'ಬರಹ'ದಂಥ ತಂತ್ರಾಂಶ ಅದನ್ನು ಕನ್ನಡಕ್ಕೆ ತಿರುಗಿಸಿಕೊಡುತ್ತದೆ. ಹೇಗೆ ಬೇಕೋ ಹಾಗೆ ಬರೆದಿದ್ದರೆ ಕೂತು ಕೈಯಲ್ಲೇ ತಿದ್ದಬೇಕು.

ಈಗ ಸಿಂಕ್ ವಿಷಯ. ನಿಮ್ಮ ಹತ್ತಿರ ಇರುವುದು 2004ರ ಈಚೆಯ ಉಪಕರಣವಾಗಿದ್ದರೆ, ಅಥವಾ ಹಳೆಯದಾದರೂ ಹೇಗೋ ಜೀವ ಹಿಡಿದುಕೊಂಡಿದ್ದರೆ, ದಯವಿಟ್ಟು ಇದನ್ನು ನಿಧಾನವಾಗಿ ಓದಿ. ನಮ್ಮಲ್ಲಿ ಅನೇಕರು ಯುನಿಕ್ಸ್ ಮೇಲೆ ಹೊಟ್ಟೆ ಹೊರೆದವರು. ಗಿರಾಕಿಗಳ ಬ್ಯಾಕಪ್‌ಗಾಗಿ ರಾತ್ರಿಯೆಲ್ಲ ಎಚ್ಚರವಿದ್ದವರು. ನಮ್ಮ ಮನೆಯ ಬ್ಯಾಕಪ್ ಮಾತ್ರ ಯಾರೂ ನೋಡಲಿಲ್ಲ.

ಚಾರ್ಜಿಗೆ ಹಾಕುವ ಮೊದಲು ಹಿಂಬದಿ ಉಬ್ಬಿದೆಯೇ ನೋಡಿ. ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುವ ಆಗಸ್ಟಿನಲ್ಲಿ ಗ್ಯಾರೇಜು ಕಂಡ ಲಿಥಿಯಂ ಬ್ಯಾಟರಿಯನ್ನು ನಂಬಬೇಡಿ. ಉಬ್ಬಿದ್ದರೆ ಪ್ಲಗ್ ಹತ್ತಿರಕ್ಕೂ ಒಯ್ಯಬೇಡಿ. ಬ್ಯಾಟರಿ ಬದಲಿಸುವುದು ಗೊತ್ತಿರುವವರಿಗೆ ಕೊಡಿ. ಟ್ರಿಪಲ್-ಎ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಯ ಕಡ್ಡಿಗೆ ಒಂದು ಹನಿ ವಿನಿಗರ್ ಹಾಕಿ ಒರೆಸಿ, ಒಣಗಲು ಬಿಡಿ. ಕ್ರೇಡಲ್ಲಿನ ಲೋಹದ ಮುಳ್ಳುಗಳನ್ನೂ ಒರೆಸಿ. ಎಷ್ಟೋ ಸಲ ತೊಂದರೆ ಇಷ್ಟೇ ಆಗಿರುತ್ತದೆ.

ಆಮೇಲೆ ಎಲ್ಲರೂ ಎಡವುವ ಜಾಗ. ಕ್ರೇಡಲ್ಲನ್ನು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ, ಪಾಮ್ ಅದರ ಮೇಲಿಟ್ಟು, ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟು ನೋಡುತ್ತೀರಿ. ಪಟ್ಟಿಯಲ್ಲಿ ಪಾಮ್ ಇಲ್ಲ. ಕೇಬಲ್ ಬದಲಿಸುತ್ತೀರಿ, ಪೋರ್ಟ್ ಬದಲಿಸುತ್ತೀರಿ, ಯಂತ್ರವನ್ನೇ ರೀಬೂಟ್ ಮಾಡುತ್ತೀರಿ, ಊಹೂಂ. ತಪ್ಪು ಎಲ್ಲೂ ಇಲ್ಲ. ಪೆನ್ ಡ್ರೈವ್ ಸಿಕ್ಕಿಸಿದ ಕ್ಷಣದಿಂದ ಕಾಣುತ್ತದೆ, ಪಾಮ್ ಹಾಗಲ್ಲ. ಹಾಟ್‌ಸಿಂಕ್ ಗುಂಡಿ ಒತ್ತಿದ ಮೇಲೆಯೇ ಅದು ಯುಎಸ್‌ಬಿ ಮೇಲೆ ಮುಖ ತೋರಿಸುವುದು. ಸ್ವಲ್ಪ ಹೊತ್ತು ಕಾಯುತ್ತದೆ, ಆಚೆಯಿಂದ ಯಾರೂ ಮಾತಾಡಿಸದಿದ್ದರೆ ಮುನಿಸಿಕೊಂಡು ಮತ್ತೆ ಒಳಗೆ ಹೋಗಿಬಿಡುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಟರ್ಮಿನಲ್‌ನಲ್ಲಿ ಪೈಲಟ್-ಲಿಂಕ್‌ನ ಪೈಲಟ್-ಎಕ್ಸ್‌ಫರ್ ಕಮಾಂಡ್ ಬರೆದಿಟ್ಟುಕೊಳ್ಳಿ, ಎಂಟರ್ ಒತ್ತಬೇಡಿ. ಗುಂಡಿ ಒತ್ತಿ. ಒಂದೆರಡು ಉಸಿರು ಬಿಟ್ಟು ಎಂಟರ್ ಒತ್ತಿ. ಕ್ರೇಡಲ್ ಇಲ್ಲದ ಜ಼ೈರ್, ಟಂಗ್‌ಸ್ಟನ್ ಇ ಥರದವುಗಳಲ್ಲಿ ಗುಂಡಿಯ ಬದಲು ಪರದೆಯ ಮೇಲಿನ ಹಾಟ್‌ಸಿಂಕ್ ಚಿತ್ರ ಒತ್ತಬೇಕು.

ಗುಂಡಿ ಒತ್ತಿದಾಗ ಕರ್ನಲ್ ಏನನ್ನುತ್ತದೆ ಎಂದು ಇನ್ನೊಂದು ಟರ್ಮಿನಲ್‌ನಲ್ಲಿ ಡಿಮೆಸೇಜ್ ಹಾಕಿ ನೋಡುತ್ತಿರಿ. ಎಲ್ಲ ಸರಿಯಿದ್ದರೆ ಹ್ಯಾಂಡ್‌ಸ್ಪ್ರಿಂಗ್ ವೈಸರ್ ಅಥವಾ ಪಾಮ್ ಓಎಸ್ ಕಂಡಿದೆ ಎಂಬ ಸಾಲು ಬರುತ್ತದೆ. ಬೆನ್ನಿಗೇ ಟಿಟಿವೈ-ಯುಎಸ್‌ಬಿ ಸೊನ್ನೆ, ಟಿಟಿವೈ-ಯುಎಸ್‌ಬಿ ಒಂದು ಎಂದು ಎರಡು ಪೋರ್ಟುಗಳು ಹುಟ್ಟುತ್ತವೆ. ಉಪಕರಣ ಒಂದೇ, ಪೋರ್ಟು ಎರಡು. ಸಾಮಾನ್ಯವಾಗಿ ಹಾಟ್‌ಸಿಂಕ್ ಮಾತಾಡುವುದು ಎರಡನೆಯದರಲ್ಲಿ, ಅಂದರೆ ಒಂದು ಅಂಕಿಯದರಲ್ಲಿ. ಮೊದಲನೆಯದಕ್ಕೆ ಪೈಲಟ್-ಎಕ್ಸ್‌ಫರ್ ಕೊಟ್ಟು ಗಂಟೆಗಟ್ಟಲೆ ಕಾದು ಬೇಸತ್ತವರಿದ್ದಾರೆ. ಕೆಲವು ಮಾಡೆಲ್‌ಗಳು ಉಲ್ಟಾ ನಡೆಯುತ್ತವೆ, ಹಾಗಾಗಿ ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ನೋಡಿ. ಈ ಪೋರ್ಟುಗಳಿಗೆ ಸಿಂಕ್ ನಡೆಯುವಷ್ಟು ಹೊತ್ತು ಮಾತ್ರ ಆಯುಸ್ಸು ಎನ್ನುವುದು ನೆನಪಿರಲಿ. ಸಿಂಕ್ ಮುಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಪೋರ್ಟು ಹುಟ್ಟಿದರೂ ಅನುಮತಿ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಹೆಸರು ಸರಿಯಾದ ಗುಂಪಿನಲ್ಲಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಅದು ಡಯಲ್‌ಔಟ್ ಗುಂಪು. ಸೇರಿಸಿಕೊಂಡು, ಲಾಗೌಟ್ ಆಗಿ ಮತ್ತೆ ಬನ್ನಿ. ರೂಟ್ ಆಗಿ ಓಡಿಸಿದರೂ ನಡೆಯುತ್ತದೆ, ಆದರೆ ಆಮೇಲೆ ಬ್ಯಾಕಪ್ ಫೈಲುಗಳೆಲ್ಲ ರೂಟ್ ಹೆಸರಿನಲ್ಲಿ ಕೂತು ಬೇರೆ ತಲೆನೋವು. ಪೋರ್ಟು ಬಿಜ಼ಿ ಎಂದರೆ ಮೋಡೆಮ್‌ಮ್ಯಾನೇಜರ್ ಮೇಲೆ ಕಣ್ಣಿಡಿ. ಹೊಸ ಸೀರಿಯಲ್ ಪೋರ್ಟ್ ಕಂಡರೆ ಇದು ಮೋಡೆಮ್ಮೇ ಇರಬೇಕು ಎಂದು ಮೂಗು ತೂರಿಸುವ ಚಾಳಿ ಅದಕ್ಕಿದೆ. ಆ ಹೊತ್ತಿಗೆ ನಿಲ್ಲಿಸಿಬಿಡಿ.

ಇನ್ನೊಂದು ದಾರಿ, ಪೈಲಟ್-ಲಿಂಕ್‌ನ 0.12 ಆವೃತ್ತಿಯಿಂದ ಬಂದದ್ದು: ಪೋರ್ಟಿನ ಹೆಸರಿನ ಜಾಗದಲ್ಲಿ ಬರಿಯ ಯುಎಸ್‌ಬಿ ಮತ್ತು ಕೋಲನ್ ಚಿಹ್ನೆ ಕೊಡುವುದು. ಆಗ ಅದು ಲಿಬ್‌ಯುಎಸ್‌ಬಿ ಮೂಲಕ ನೇರ ಮಾತಾಡುತ್ತದೆ, ಟಿಟಿವೈ ಗೊಡವೆಯೇ ಬೇಡ. ಹೊಸ ಯಂತ್ರಗಳಲ್ಲಿ ನನಗೆ ಇದೇ ಹೆಚ್ಚು ಒಗ್ಗಿದೆ. ಷರತ್ತು ಒಂದೇ, ವೈಸರ್ ಮಾಡ್ಯೂಲ್ ಒಳಗಿರಬಾರದು. ಇಬ್ಬರೂ ಒಂದೇ ಉಪಕರಣಕ್ಕೆ ಕೈ ಹಾಕಿದರೆ ಯಾರಿಗೂ ದಕ್ಕುವುದಿಲ್ಲ. ಮಾಡ್ಯೂಲನ್ನು ಇಳಿಸಿ, ಗುಂಡಿ ಒತ್ತಿದಾಗ ತಾನಾಗಿ ಮತ್ತೆ ಹತ್ತುತ್ತದಾದ್ದರಿಂದ ಮೋಡ್‌ಪ್ರೋಬ್‌ನ ಸೆಟ್ಟಿಂಗ್ ಫೋಲ್ಡರಿನಲ್ಲಿ ಬ್ಲ್ಯಾಕ್‌ಲಿಸ್ಟ್ ಸಾಲೊಂದನ್ನೂ ಬರೆಯಿರಿ. ಟಿಟಿವೈ ದಾರಿಗೆ ವೈಸರ್ ಬೇಕು, ಲಿಬ್‌ಯುಎಸ್‌ಬಿ ದಾರಿಗೆ ಬೇಡ. ಎರಡನ್ನೂ ಕಲಸಿಕೊಂಡವರೇ ಜಾಸ್ತಿ.

ಇಷ್ಟಾದರೂ ಮಧ್ಯದಲ್ಲಿ ಕಡಿದುಹೋಗುತ್ತಿದ್ದರೆ ಹೊಸ ಲ್ಯಾಪ್‌ಟಾಪಿನ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟು ಬಿಟ್ಟು, ನಡುವೆ ಒಂದು ಹಳೆಯ ಯುಎಸ್‌ಬಿ 2 ಹಬ್ ಹಾಕಿ ನೋಡಿ. ವರ್ಚುವಲ್ ಮೆಷಿನ್ ಒಳಗೆ ಲಿನಕ್ಸ್ ಓಡಿಸಿ ಮಾಡುತ್ತೇನೆ ಅನ್ನುವವರಿಗೆ ಒಂದೇ ಮಾತು: ಬೇಡ. ಕಂಡು ಮರೆಯಾಗುವ ಉಪಕರಣವನ್ನು ಅದರೊಳಕ್ಕೆ ದಾಟಿಸುವುದರಲ್ಲೇ ಸಂಜೆ ಕಳೆಯುತ್ತದೆ.

ಸಂಪರ್ಕ ಸಿಕ್ಕಿತು ಎಂದುಕೊಳ್ಳಿ. ಇಲ್ಲಿ ನಾನು ಕೈಮುಗಿದು ಕೇಳುವುದು: ಸಿಂಕ್ ಮಾಡಬೇಡಿ, ಬ್ಯಾಕಪ್ ಮಾಡಿ. ಅದೂ ಹೊಸ ಖಾಲಿ ಫೋಲ್ಡರಿಗೆ. ಹಳೆಯ ಬ್ಯಾಕಪ್ ಇದ್ದ ಫೋಲ್ಡರಿಗೇ ಮಾಡಿದರೆ, ಎಲ್ಲ ಮರೆತ ಪಾಮ್ ತನ್ನ ಬರಿದಾದ ಡೇಟ್‌ಬುಕ್ಕನ್ನು ಅಲ್ಲಿದ್ದ ತುಂಬಿದ ಡೇಟ್‌ಬುಕ್ಕಿನ ಮೇಲೆ ಬರೆದುಬಿಡುತ್ತದೆ. ಇಪ್ಪತ್ತು ವರ್ಷ ಉಳಿದದ್ದು ಅರೆನಿಮಿಷದಲ್ಲಿ ಹೋಗುತ್ತದೆ. ಹಳೆಯ ಫೋಲ್ಡರನ್ನು ಮೊದಲು ಬೇರೆಡೆಗೆ ನಕಲು ಮಾಡಿಟ್ಟುಕೊಂಡೇ ಮುಂದಿನ ಕೆಲಸ.

ಬ್ಯಾಕಪ್ಪಿನಿಂದ ಪಿಡಿಬಿ ಎಂದು ಕೊನೆಯಾಗುವ ಫೈಲುಗಳು ಸಿಗುತ್ತವೆ. ಅವನ್ನು ಮನೆಫೋಲ್ಡರಿನಲ್ಲಿರುವ ಜೆ-ಪೈಲಟ್‌ನ ಅಡಗಿದ ಫೋಲ್ಡರಿಗೆ ನಕಲು ಮಾಡಿ ಜೆ-ಪೈಲಟ್ ತೆರೆದರೆ, ಉಪಕರಣವಿಲ್ಲದೆಯೂ ಎಲ್ಲ ಹಿಂದಿನಂತೆಯೇ ಕಾಣುತ್ತದೆ. ಅಲ್ಲಿಂದ ಸಾದಾ ಟೆಕ್ಸ್ಟಿಗೋ ವಿಕಾರ್ಡಿಗೋ ಐಕ್ಯಾಲಿಗೋ ತೆಗೆದುಕೊಳ್ಳಿ. ಹಿಂದೆ ಲಿನಕ್ಸಿನಲ್ಲೇ ಸಿಂಕ್ ಮಾಡುತ್ತಿದ್ದವರು ಹಳೆಯ ಡಿಸ್ಕಿನಲ್ಲಿ ಚುಕ್ಕೆಯಿಂದ ಶುರುವಾಗುವ ಆ ಫೋಲ್ಡರನ್ನೇ ಹುಡುಕಬೇಕು, ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ವಿಂಡೋಸಿನಲ್ಲಿ ಮಾಡುತ್ತಿದ್ದವರಿಗೆ ಮುಖ್ಯವಾದದ್ದು ಬ್ಯಾಕಪ್ ಎಂಬ ಹೆಸರಿನ ಫೋಲ್ಡರಿನಲ್ಲಿ ಇರುವುದಿಲ್ಲ, ಅದರ ಪಕ್ಕದ ವಿಳಾಸ, ಡೇಟ್‌ಬುಕ್ ಫೋಲ್ಡರುಗಳ ಡ್ಯಾಟ್ ಫೈಲುಗಳಲ್ಲಿ ಇರುತ್ತದೆ. ಹಳೆಯ ಪಾಮ್ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಇದ್ದರೆ ಅದು ಇವನ್ನು ತೆರೆಯುತ್ತದೆ.

ತೆರೆದಾಗ ಒಂದು ಎಚ್ಚರ. ಪಾಮ್‌ನಲ್ಲಿ ಖಾಸಗಿ ಎಂದು ಗುರುತಿಟ್ಟದ್ದಕ್ಕೆ ನಿಜವಾದ ಬೀಗ ಇರಲಿಲ್ಲ. ತೋರಿಸಬೇಡ ಎಂಬ ಒಂದು ಗುರುತು, ಅಷ್ಟೇ. ಫೈಲಿನಲ್ಲಿ ಎಲ್ಲವೂ ಬರಿಗಣ್ಣಿಗೆ ಕಾಣುತ್ತದೆ: ಸೋಷಿಯಲ್ ಸೆಕ್ಯುರಿಟಿ ನಂಬರು, ಬ್ಯಾಂಕಿನ ಪಾಸ್‌ವರ್ಡು, ಊರಿನ ಸೈಟಿನ ಜಗಳದ ಲೆಕ್ಕ, ಯಾರೊಡನೆಯೂ ಹೇಳಿಕೊಳ್ಳದ ಮಾತು. ಆದ್ದರಿಂದ ಅಪರಿಚಿತರಿಗೂ ಆನ್‌ಲೈನ್ ಸೇವೆಗಳಿಗೂ ಇಡೀ ಫೈಲನ್ನು ಕಳಿಸಬೇಡಿ. ಇನ್ನು ಇಲ್ಲೇ ಹುಟ್ಟಿ ಬೆಳೆದ ಮಕ್ಕಳೇ, ನಮ್ಮನ್ನೆಲ್ಲ ಅಂಕಲ್, ಆಂಟಿ ಎಂದು ಕರೆಯುವವರೇ, ಅಪ್ಪನ ಪಾಮ್ ತೆರೆಯುವುದು ನಿಮಗೆ ಆಟದಷ್ಟು ಸುಲಭ. ಆದರೂ ಓದುವ ಮೊದಲು "ಅಪ್ಪಾ, ನೋಡಲಾ?" ಎಂದು ಕೇಳಿ. ಅಪ್ಪ ಇಲ್ಲದಿದ್ದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅರ್ಧ ಹೆಸರುಗಳು ಯಾರವೆಂದು ಹೇಳಬಲ್ಲವರು ಅವರು ಮಾತ್ರ.

ಇಷ್ಟು ಕಷ್ಟ ಯಾಕೆ, ಈಗ ಎಲ್ಲ ಫೋನಿನಲ್ಲೇ ಇದೆಯಲ್ಲ ಎಂದು ಕೇಳುವವರಿದ್ದಾರೆ. 1997ರಿಂದ 2006ರವರೆಗಿನದು ಫೋನಿನಲ್ಲಿ ಇಲ್ಲ, ಕಾಗದದಲ್ಲೂ ಇಲ್ಲ. ಅದಕ್ಕೆ ಮೊದಲಿನದು ಊರಿಂದ ಬಂದ ನೀಲಿ ಇನ್‌ಲ್ಯಾಂಡ್‌ಗಳಲ್ಲಿ, ಏರೋಗ್ರಾಂಗಳಲ್ಲಿ, ರಬ್ಬರ್ ಬ್ಯಾಂಡ್ ಹಾಕಿದ ಡೈರಿಗಳಲ್ಲಿ ಉಳಿದಿದೆ. ಆಮೇಲಿನದು ಹೇಗೋ ಕ್ಲೌಡಿಗೆ ಸೇರಿಕೊಂಡಿತು. ನಾವು ಇಲ್ಲಿ ಮನೆ ಕಟ್ಟಿದ, ಮಕ್ಕಳನ್ನು ಹೆತ್ತ, ಅಪ್ಪಅಮ್ಮಂದಿರನ್ನು ಆರಾರು ತಿಂಗಳಿಗೆ ಕರೆಸಿಕೊಂಡ ವರ್ಷಗಳು ಈ ನಡುವಿನವು. ಟೆಕ್ಸಸ್ ಕನ್ನಡಿಗರ ಚರಿತ್ರೆ ಬರೆಯಬೇಕೆಂದು ಆಗಾಗ ಮಾತು ಬರುತ್ತದೆ. ಯಾರ ಮನೆಯಲ್ಲಿ ಯುಗಾದಿ ಊಟ ಸೇರಿದರು, ಯಾರು ಹುಳಿ ತಂದರು, ಯಾರು ಮಕ್ಕಳಿಗೆ ಕನ್ನಡ ಹೇಳಿಕೊಡಲು ಒಪ್ಪಿದರು ಎಂಬುದೆಲ್ಲ ನಿಮ್ಮ ಡೇಟ್‌ಬುಕ್ಕಿನಲ್ಲಿದೆ.

ಆದ್ದರಿಂದ ಉತ್ತರ ಟೆಕ್ಸಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಯವರಲ್ಲೂ ಒಂದು ಅರಿಕೆ. ಮುಂದಿನ ಕಾರ್ಯಕ್ರಮದ ದಿನ ಸಭಾಂಗಣದ ಹೊರಗೆ, ಊಟದ ಕೌಂಟರಿನಿಂದ ಸ್ವಲ್ಪ ದೂರದಲ್ಲಿ (ಸಾಂಬಾರು ಚೆಲ್ಲದ ಹಾಗೆ), ಒಂದು ಮೇಜು, ಎರಡು ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಕೊಡಿಸಿ. ಯುನಿಕ್ಸ್ ಬಲ್ಲ ನಿವೃತ್ತರು ನಮ್ಮಲ್ಲಿ ಕಡಿಮೆಯಿಲ್ಲ, ಅವರಿಗೂ ಒಂದು ಕೆಲಸ ಸಿಕ್ಕೀತು. ಫೈಲು ಅವರವರ ಪೆನ್ ಡ್ರೈವಿಗೇ ಹೋಗಲಿ, ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿಯೂ ಉಳಿಯದಿರಲಿ.

ಬರುವವರು ಉಪಕರಣದ ಜೊತೆ ಕ್ರೇಡಲ್ಲನ್ನೂ ಅದರ ಚಾರ್ಜರನ್ನೂ ಮರೆಯದೆ ತನ್ನಿ. ಆ ಕಾಲದಲ್ಲಿ ಮಾಡೆಲ್‌ಗೊಂದು ಕನೆಕ್ಟರ್ ಇತ್ತು, ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಹಳೆಯ ಡಿಸ್ಕ್ ಸಿಕ್ಕರೆ ನೀವೇ ಸಿಕ್ಕಿಸಿ ನೋಡಲು ಹೋಗದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಐಡಿಇ ಅಡಾಪ್ಟರು, ಯುಎಸ್‌ಬಿ 2 ಹಬ್, ಟ್ರಿಪಲ್-ಎ ಬ್ಯಾಟರಿಗಳು ನನ್ನ ಕಡೆಯಿಂದ.

ಇತಿ ತಮ್ಮ ವಿಶ್ವಾಸಿ,
ಮೆಕಿನ್ನಿಯ ಒಬ್ಬ ಹಳೆಯ ಯುನಿಕ್ಸ್ ಕೆಲಸಗಾರ
ಕಾಲಿನ್ ಕೌಂಟಿ, ಟೆಕ್ಸಸ್